ಫಾಲ್ಸಿನ ಹಗ್ಗದಿಂದ ಎಣ್ಣೆಯ ಡಬ್ಬಿಗೆ

ಗೋಕಾಕ ಫಾಲ್ಸಿಗೆ ಹೋದವರು ತೂಗುಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಊರಿನಲ್ಲಿ ಕರದಂಟು ಕೊಂಡು ಮರಳುತ್ತಾರೆ. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತಾಳೆ. ದಂಡೆಯ ಮೇಲಿನ ಹತ್ತಿಗಿರಣಿ ಹುಟ್ಟಿದ್ದೇ ಆ ಧುಮುಕಿನ ಬಲದಿಂದ ಎಂಬುದು ಈ ಭಾಗದ ಬಹಳ ಜನಕ್ಕೆ ಗೊತ್ತು. ಆದರೆ ಆ ಬಲ ಕಣಿವೆಯ ತಳದಿಂದ ಮೇಲಿನ ನೂಲಿನ ಯಂತ್ರಗಳವರೆಗೆ ಹೇಗೆ ಬಂತು ಎಂದು ಕೇಳುವವರು ಕಡಿಮೆ.

ಗಿರಣಿಯ ಕಂಪನಿ ಸ್ಥಾಪನೆಯಾದದ್ದು 1885ರಲ್ಲಿ, ಜಲಶಕ್ತಿ ಬಳಕೆಗೆ ಬಂದದ್ದು 1887ರಲ್ಲಿ. ಈ ಇಸವಿಯನ್ನು ವಿದ್ಯುತ್ತಿನ ಇತಿಹಾಸಕ್ಕೆ ಸೇರಿಸಿ ಹೇಳುವ ರೂಢಿ ಇದೆ. ನನಗೆ ಅದಕ್ಕಿಂತ ಹೆಚ್ಚು ಸ್ವಾರಸ್ಯವೆನಿಸುವುದು ಹಗ್ಗದ ಕಥೆ. ಕೆಳಗಿನ ಟರ್ಬೈನುಗಳ ತಿರುಗುವಿಕೆಯನ್ನು ತಂತಿಹಗ್ಗಗಳು ದೊಡ್ಡ ಗಾಲಿಗಳ ಮೇಲೆ ಹಾದು ಗಿರಣಿಗೆ ತಲುಪಿಸುತ್ತಿದ್ದವು. ಮೇಲೆ ಬಂದದ್ದು ಕರೆಂಟಲ್ಲ, ತಿರುಗಾಟವೇ. 1850ರ ಸುಮಾರಿಗೆ ಅಲ್ಸಾಸಿನಲ್ಲಿ ಹಿರ್ನ್ ಸಹೋದರರು ರೂಢಿಗೆ ತಂದ ಈ ಪದ್ಧತಿ ಸ್ವಿಟ್ಜರ್‌ಲೆಂಡಿನ ನದಿತೀರಗಳಲ್ಲಿ ಬೆಳೆದು, ನಮ್ಮ ಬೆಳಗಾವಿ ಸೀಮೆಗೂ ಬಂತು. ಆದರೆ ಹಗ್ಗ ಬಿಸಿಲಿಗೆ ಸಡಿಲಾಗುತ್ತದೆ, ಸವೆಯುತ್ತದೆ, ಗಾಲಿಯ ಮೇಲೆ ಜಾರುತ್ತದೆ. ದೂರ ಹೆಚ್ಚಿದಷ್ಟೂ ನಷ್ಟ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿದ ಮೇಲೆ ಹಗ್ಗದ ಕಾಲ ಮುಗಿಯಿತೆಂದೇ ಹೇಳಬೇಕು.

ಬಲವನ್ನು ಒಂದು ಗಾಲಿಯಿಂದ ಇನ್ನೊಂದಕ್ಕೆ ದಾಟಿಸುವ ಸಮಸ್ಯೆ ಮಾತ್ರ ಮುಗಿಯಲಿಲ್ಲ. ಜರ್ಮನಿಯ ಸ್ಟೆಟಿನ್ ಬಂದರಿನ ವಲ್ಕನ್ ಹಡಗುಕಟ್ಟೆಯಲ್ಲಿದ್ದ ಹರ್ಮನ್ ಫಟಿಂಗರ್ ಎಂಬ ಎಂಜಿನಿಯರನಿಗೆ ಅದು ಬೇರೆ ವೇಷದಲ್ಲಿ ಎದುರಾಯಿತು. ಹಡಗಿನ ಉಗಿ ಟರ್ಬೈನ್ ಅತಿವೇಗದಲ್ಲಿ ತಿರುಗಬೇಕು, ಪ್ರೊಪೆಲರ್ ನಿಧಾನವಾಗಿ. ನಡುವೆ ಏನಿಡುವುದು? ಒಂದು ಪಂಪು ನೀರನ್ನು ತಳ್ಳಲಿ, ಆ ನೀರು ಇನ್ನೊಂದು ಟರ್ಬೈನನ್ನು ತಿರುಗಿಸಲಿ ಎನ್ನಬಹುದು. ಆದರೆ ನಡುವಿನ ಪೈಪುಗಳಲ್ಲೇ ಬಲ ಸೋರಿಹೋಗುತ್ತದೆ. ಫಟಿಂಗರ್ ಪೈಪುಗಳನ್ನೇ ಕಿತ್ತುಹಾಕಿ ಪಂಪನ್ನೂ ಟರ್ಬೈನನ್ನೂ ಒಂದೇ ಡಬ್ಬಿಯಲ್ಲಿ ಎದುರುಬದುರು ಕೂರಿಸಿದ. 1905ರ ಪೇಟೆಂಟು ಅದು. ಫಾಲ್ಸನ್ನೇ ಮಡಚಿ ಡಬ್ಬಿಯಲ್ಲಿ ಹಾಕಿದ ಹಾಗೆ.

ಎರಡು ಚಕ್ರಗಳಷ್ಟೇ ಇದ್ದರೆ ಬಲ ದಾಟುತ್ತದೆ, ಹೆಚ್ಚುವುದಿಲ್ಲ. ಮೂರನೆಯದು ಬೇಕು: ಸ್ಟೇಟರ್. ಟರ್ಬೈನಿನಿಂದ ಹಿಂದಿರುಗುವ ಎಣ್ಣೆಯ ದಿಕ್ಕು ತಿರುಗಿಸಿ ಪಂಪಿಗೆ ಅನುಕೂಲವಾಗುವಂತೆ ಕಳಿಸುವುದು ಇದರ ಕೆಲಸ. ಹೀಗಾಗಿ ಗಾಡಿ ಹೊರಡುವಾಗ ಎಂಜಿನ್ನಿನ ತಿರುಚುಬಲ ಸುಮಾರು ಎರಡು ಪಟ್ಟಾಗುತ್ತದೆ. ವೇಗ ಬಂದ ಮೇಲೆ ಸ್ಟೇಟರ್ ಅಡ್ಡಿಯಾಗಬಾರದು. ಅದಕ್ಕೇ ಒಂದೇ ದಿಕ್ಕಿಗೆ ತಿರುಗುವ ಕ್ಲಚ್ಚಿನ ಮೇಲೆ ಅದನ್ನು ಕೂರಿಸುತ್ತಾರೆ. ಅಮೆರಿಕದ ಬ್ಯೂಕ್ ಕಾರುಗಳಲ್ಲಿ 1948ರಲ್ಲಿ ಬಂದ ಡೈನಾಫ್ಲೋ ಗೇರ್‌ಬಾಕ್ಸು ಈ ಟಾರ್ಕ್ ಕನ್ವರ್ಟರನ್ನು ಮನೆಮಾತಾಗಿಸಿತು. ಮರುವರ್ಷ ಪ್ಯಾಕರ್ಡ್ ಕಂಪನಿ ಜಾರುವಿಕೆಯನ್ನು ತಪ್ಪಿಸಲು ಲಾಕ್‌ಅಪ್ ಕ್ಲಚ್ಚನ್ನೂ ಸೇರಿಸಿತು.

ಇಂದು ಘಟಪ್ರಭೆಯ ದಂಡೆಗೆ ಈ ಡಬ್ಬಿ ಕಾರಿಗಿಂತ ಹೆಚ್ಚಾಗಿ ಜೆಸಿಬಿಯ ಹೊಟ್ಟೆಯಲ್ಲಿ ಬಂದಿದೆ. ಕಾಲುವೆ ಹೂಳು ತೆಗೆಯಲು, ಹೊಲ ಸಮ ಮಾಡಲು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಅದಿಲ್ಲದೆ ನಡೆಯದು. ಸಾಲ ಮಾಡಿ ಯಂತ್ರ ಕೊಂಡವನಿಗೆ ಸೀಸನ್ನಿನಲ್ಲಿ ಅದು ಶೆಡ್ಡಿನಲ್ಲಿ ನಿಂತರೆ ಕಂತು ನಿಲ್ಲುವುದಿಲ್ಲ. ‘ಗಾಡಿ ಎಳೀವಲ್ದು’ ಎಂದ ತಕ್ಷಣ ಗೇರ್‌ಬಾಕ್ಸ್ ಬಿಚ್ಚುವ ಮೇಸ್ತ್ರಿ ಆ ಮನೆಯ ಒಂದು ವರ್ಷದ ಲೆಕ್ಕವನ್ನೇ ಬಿಚ್ಚಿದಂತೆ.

ಬಿಚ್ಚುವ ಮೊದಲು ಎಣ್ಣೆಯ ಮಟ್ಟ ನೋಡಬೇಕು. ಸುಟ್ಟ ವಾಸನೆ ಇದೆಯೇ, ಬೆರಳಿಗೆ ಲೋಹದ ಮಿನುಗು ಹತ್ತುತ್ತದೆಯೇ? ಎಣ್ಣೆ ಕಡಿಮೆಯಿದ್ದರೆ ಗಾಡಿ ಗುಂಯ್‌ಗುಟ್ಟುತ್ತದೆ, ಜಾರುತ್ತದೆ, ತಪ್ಪು ಡಬ್ಬಿಯದಲ್ಲ. ಮುಂದಿನದು ಸ್ಟಾಲ್ ಪರೀಕ್ಷೆ: ಎಣ್ಣೆ ಬಿಸಿಯಾದ ಮೇಲೆ, ಎದುರಿಗೆ ಯಾರೂ ಇಲ್ಲದ ಕಡೆ, ಬ್ರೇಕು ಗಟ್ಟಿಯಾಗಿ ಒತ್ತಿ, ಗೇರು ಹಾಕಿ ಪೂರ್ತಿ ಎಕ್ಸಲರೇಟರ್ ಕೊಡಬೇಕು, ಐದು ಸೆಕೆಂಡಿಗಿಂತ ಹೆಚ್ಚಿಲ್ಲ. ಎಂಜಿನ್ ತಯಾರಕರು ಹೇಳಿದ್ದಕ್ಕಿಂತ ಮೇಲೇರಿದರೆ ಗೇರ್‌ಬಾಕ್ಸಿನ ಕ್ಲಚ್ಚು ಜಾರುತ್ತಿರಬಹುದು. ಬಹಳ ಕೆಳಗೇ ನಿಂತರೆ ಎರಡು ಅನುಮಾನ: ಎಂಜಿನ್ನೇ ಬಳಲಿದೆ, ಇಲ್ಲವೇ ಸ್ಟೇಟರಿನ ಕ್ಲಚ್ಚು ಹಿಡಿತ ಬಿಟ್ಟು ಎರಡೂ ಕಡೆ ತಿರುಗುತ್ತಿದೆ. ಬಿಡಿಸುವುದು ಕಷ್ಟವಲ್ಲ. ಹೊರಡುವಾಗ ತಿಣುಕಿ, ವೇಗ ಬಂದ ಮೇಲೆ ಸರಿಯಾಗಿ ಓಡಿದರೆ ಸ್ಟೇಟರ್. ಎಲ್ಲ ವೇಗದಲ್ಲೂ ತಿಣುಕಿದರೆ ಎಂಜಿನ್. ಸ್ಟೇಟರ್ ಸಿಕ್ಕಿಕೊಂಡು ಕೂತಿದ್ದರೆ ಇದರ ಉಲ್ಟಾ: ಹೊರಡುವುದು ಚೆನ್ನ, ವೇಗ ಏರದು, ಎಣ್ಣೆ ಕಾಯುತ್ತದೆ.

ಆಟೊಮ್ಯಾಟಿಕ್ ಕಾರುಗಳಲ್ಲಿ ಇನ್ನೊಂದು ಕಾಟ. ರಸ್ತೆಯ ಪಟ್ಟಿಗಳ ಮೇಲೆ ಹೋದಂತೆ ಸಮವೇಗದಲ್ಲಿ ಗಾಡಿ ನಡುಗುತ್ತದೆ. ಎಕ್ಸಲರೇಟರ್ ಬಿಡದೆ ಬ್ರೇಕನ್ನು ಹಗುರವಾಗಿ ಮುಟ್ಟಿದಾಗ ನಡುಕ ನಿಂತರೆ ಲಾಕ್‌ಅಪ್ ಕ್ಲಚ್ಚಿನ ಮೇಲೆ ಅನುಮಾನ, ಏಕೆಂದರೆ ಬ್ರೇಕು ತಾಗಿದೊಡನೆ ಆ ಕ್ಲಚ್ಚು ಬಿಡುತ್ತದೆ. ಗಾಡಿ ನಿಲ್ಲಿಸುವಾಗ ಎಂಜಿನ್ ಬಂದ್ ಬಿದ್ದರೆ ಕ್ಲಚ್ಚು ಬಿಡದೆ ಹಿಡಿದುಕೊಂಡಿರಬಹುದು.

ಕನ್ವರ್ಟರೇ ಕೆಟ್ಟದ್ದು ಖಚಿತವಾಗಿ ಹೊಸದನ್ನು ಹಾಕಿದರೂ, ಎಣ್ಣೆಯ ಕೂಲರನ್ನು ತೊಳೆಸದೆ ಗಾಡಿ ಒಯ್ಯಬಾರದು. ಹಳೆಯ ಲೋಹದ ಪುಡಿ ಅಲ್ಲಿ ಕೂತಿರುತ್ತದೆ.