ಒಂದು ಚಮಚ ಮೆಂತ್ಯದ ಕಥೆ

"ನೆನೆಸಿದ ಮೆಂತ್ಯ ಒಂದು ಚಮಚ ತಿಂದ್ರೆ ಶುಗರ್ ಮಾತ್ರೆನೇ ಬೇಡ್ವಂತೆ ಕಣೋ" ಅಂತ ಅಪ್ಪ ಫೋನಿನಲ್ಲಿ ಹೇಳಿದಾಗ ಗಾಬರಿಯಾಯ್ತು. ಈ ಮಾತಿನ ಮೂಲ ಹುಡುಕುತ್ತಾ ಹೋದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆರ್.ಡಿ. ಶರ್ಮ ಮತ್ತು ಸಂಗಡಿಗರು 1990ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಇನ್ಸುಲಿನ್ ಮೇಲೆ ಅವಲಂಬಿತರಾದ ಟೈಪ್ 1 ರೋಗಿಗಳಿಗೆ 10 ದಿನ ಜಿಡ್ಡು ತೆಗೆದ ಮೆಂತ್ಯದ ಪುಡಿ ಕೊಟ್ಟಿದ್ದರು. ಮೂತ್ರದಲ್ಲಿ ಹೋಗುವ ಸಕ್ಕರೆ ಶೇ. 54ರಷ್ಟು ಇಳಿಯಿತು! ಮೆಂತ್ಯದ ನಾರು ಹೊಟ್ಟೆಯಲ್ಲಿ ಲೋಳೆಯಾಗಿ, ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ.

ಆದರೆ ಕೊಟ್ಟಿದ್ದು ಎಷ್ಟು ಗೊತ್ತಾ? ದಿನಕ್ಕೆ 100 ಗ್ರಾಂ, ಎರಡು ಊಟಕ್ಕೆ ಸಮಪಾಲು. ನಮ್ಮ ಚಮಚದಲ್ಲಿ ಹಿಡಿಯೋದು ಬರೀ 5 ಗ್ರಾಂ ಆಸುಪಾಸು. ಆ ಲೆಕ್ಕ ದಾರಿಯಲ್ಲೆಲ್ಲೋ ಕಳೆದುಹೋಗಿದೆ.

ಅಪ್ಪನಿಗೆ ಹೇಳಿದೆ: ಮೆಂತ್ಯ ತಿನ್ನಿ, ಮಾತ್ರೆ ಮಾತ್ರ ಡಾಕ್ಟರನ್ನು ಕೇಳದೆ ಬಿಡಬೇಡಿ.