ಇಳಿಯುವ ಇಎಸ್‌ಆರ್ ಮತ್ತು ಇಳಿಯದ ಜ್ವರ: ಮಕ್ಕಳ ತೀವ್ರ ಉರಿಯೂತಗಳ ರಕ್ತಪರೀಕ್ಷೆ

ದಿನಗಟ್ಟಲೆ ಬಿಡದ ಜ್ವರ, ಮೈಮೇಲೆ ದದ್ದು, ರಕ್ತದಲ್ಲಿ ಏರಿದ ಸಿಆರ್‌ಪಿ ಎಂಬ ಉರಿಯೂತ ಸೂಚಕ. ತೊಮಿಸಾಕು ಕವಾಸಾಕಿ 1967ರಲ್ಲಿ ವಿವರಿಸಿದ ಕಾಯಿಲೆಗೂ, 2020ರಲ್ಲಿ ಬೆಳಕಿಗೆ ಬಂದ ಕೋವಿಡ್ ನಂತರದ ಬಹುಅಂಗ ಉರಿಯೂತವಾದ ಎಂಐಎಸ್-ಸಿಗೂ, ಸರ್ವಾಂಗ ಬಾಲಸಂಧಿವಾತ ಕೆರಳಿ ಉಂಟಾಗುವ ಮ್ಯಾಕ್ರೊಫೇಜ್ ಆಕ್ಟಿವೇಷನ್ ಸಿಂಡ್ರೋಮ್‌ಗೂ ಈ ಚಿತ್ರ ಹೊಂದುತ್ತದೆ. ಒಂದು ದಿನದ ವರದಿ ಉರಿಯೂತವಿದೆ ಎಂದಷ್ಟೇ ತಿಳಿಸುತ್ತದೆ. ಅದು ಯಾವುದೆಂಬ ಸುಳಿವು ಅಂಕಿಗಳು ಸಾಗುವ ದಿಕ್ಕಿನಲ್ಲಿದೆ. ಕವಾಸಾಕಿಯಲ್ಲಿ ಪ್ಲೇಟ್‌ಲೆಟ್‌ಗಳು ಸಾಮಾನ್ಯವಾಗಿ ಎರಡನೆಯ ವಾರದಿಂದ ಏರುತ್ತವೆ. ಎಂಐಎಸ್-ಸಿಯಲ್ಲಿ ಮೊದಲಿಗೇ ಪ್ಲೇಟ್‌ಲೆಟ್‌ಗಳೂ ಲಿಂಫೋಸೈಟ್‌ಗಳೂ ಕುಸಿದಿರುವುದು ಹೆಚ್ಚು. ಹೃದಯದ ಮೇಲಿನ ಒತ್ತಡವನ್ನು ಸೂಚಿಸುವ ಬಿಎನ್‌ಪಿಯೂ ಏರಿರುತ್ತದೆ.

ಈ ವಾದಕ್ಕೆ ಅತ್ಯಂತ ಬಲವಾದ ಸಾಕ್ಷಿ ಹಳೆಯ, ಅಗ್ಗದ ಇಎಸ್‌ಆರ್, ಅಂದರೆ ಕೆಂಪು ರಕ್ತಕಣಗಳು ತಳಕ್ಕಿಳಿಯುವ ವೇಗ. ಈ ಕಣಗಳನ್ನು ಒಂದಕ್ಕೊಂದು ಅಂಟಿಸಿ ಬೇಗ ತಳಕ್ಕಿಳಿಸುವುದು ಮುಖ್ಯವಾಗಿ ಫೈಬ್ರಿನೋಜೆನ್ ಎಂಬ ಪ್ರೋಟೀನು. ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕಣಗಳು ಹತೋಟಿ ಮೀರಿದಾಗ ಅದು ಖರ್ಚಾಗಿ ಹೋಗುತ್ತದೆ, ಆಗ ಇಎಸ್‌ಆರ್ ಇಳಿಯುತ್ತದೆ. ಮಗು ಚೇತರಿಸಿಕೊಳ್ಳುತ್ತಿದೆ ಎಂದು ತೋರುವ ಆ ಇಳಿತ, ಸಿಆರ್‌ಪಿಯೂ ಜ್ವರವೂ ತಗ್ಗದಿದ್ದರೆ ಅಪಾಯದ ಗಂಟೆ. ಇದಕ್ಕೆ ವಿರುದ್ಧವಾದ ಮೋಸವೂ ಉಂಟು: ಕವಾಸಾಕಿಯಲ್ಲಿ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟ ಮೇಲೆ, ಆ ಔಷಧದಿಂದಲೇ ಇಎಸ್‌ಆರ್ ಏರುವುದರಿಂದ ಚಿಕಿತ್ಸೆ ಫಲಿಸಿತೇ ಎಂದು ಅದರಿಂದ ಅಳೆಯಲಾಗದು.

ಮ್ಯಾಕ್ರೊಫೇಜ್ ಸಿಂಡ್ರೋಮ್ ಗುರುತಿಸಲು ರಕ್ತದ ಫೆರಿಟಿನ್ ಒಂದೇ ಸಾಲದೇ ಎಂಬ ಆಕ್ಷೇಪ ಸಹಜ. ಈ ಸಿಂಡ್ರೋಮ್‌ನ 2016ರ ವರ್ಗೀಕರಣವು ಸಂಧಿವಾತವಿರುವ ಮಗುವಿನಲ್ಲಿ ಮಿಲಿಲೀಟರಿಗೆ 684 ನ್ಯಾನೊಗ್ರಾಂ ಮೀರಿದ ಫೆರಿಟಿನ್ ಅನ್ನು ಕಡ್ಡಾಯ ಮಾಡಿದೆ, ನಿಜ. ಆದರೆ ಅದು ಅಷ್ಟಕ್ಕೇ ನಿಲ್ಲದೆ ಪ್ಲೇಟ್‌ಲೆಟ್, ಯಕೃತ್ತಿನ ಕಿಣ್ವ ಎಎಸ್‌ಟಿ, ಟ್ರೈಗ್ಲಿಸರೈಡ್, ಫೈಬ್ರಿನೋಜೆನ್‌ಗಳಲ್ಲಿ ಎರಡಾದರೂ ಕೆಟ್ಟಿರಬೇಕೆನ್ನುತ್ತದೆ. ಡೆಂಗಿಯಲ್ಲೂ ಫೆರಿಟಿನ್ ಸಾವಿರ ದಾಟಬಲ್ಲದು. ಸ್ಕ್ರಬ್ ಟೈಫಸ್‌ನಲ್ಲೂ ಪ್ಲೇಟ್‌ಲೆಟ್ ಇಳಿದು ಯಕೃತ್ತಿನ ಕಿಣ್ವಗಳು ಏರುತ್ತವೆ. ಇವೆರಡೂ ಇರುವ ಕರ್ನಾಟಕದಂಥ ಕಡೆ, ಡೆಂಗಿಯ ಎನ್‌ಎಸ್1 ಮತ್ತು ಸ್ಕ್ರಬ್ ಐಜಿಎಂ ಪರೀಕ್ಷೆಗಳನ್ನು ನೋಡದೆ ಉರಿಯೂತಕ್ಕೆ ಹೆಸರಿಡುವುದು ದುಡುಕು. ಸ್ಕ್ರಬ್‌ಗೆ ಬೇಕಾದದ್ದು ಡಾಕ್ಸಿಸೈಕ್ಲಿನ್, ಬರೀ ಸ್ಟೀರಾಯ್ಡ್ ಅಲ್ಲ. ಪದೇ ಪದೇ ರಕ್ತ ತೆಗೆದರೆ ಎಳೆಯ ಮಗು ಬಳಲುವುದಿಲ್ಲವೇ ಎಂಬ ಕಳವಳವನ್ನೂ ತಳ್ಳಿಹಾಕಲಾಗದು. ಆದರೆ ರಕ್ತಕಣಗಳ ಎಣಿಕೆ, ಇಎಸ್‌ಆರ್, ಸಿಆರ್‌ಪಿಗೆ ಬೇಕಾಗುವುದು ಕೆಲವೇ ಮಿಲಿಲೀಟರ್ ರಕ್ತ, ತಾಲ್ಲೂಕು ಆಸ್ಪತ್ರೆಗೂ ಎಟುಕುವ ವೆಚ್ಚ. ಜ್ವರ ಬಿಡದ ಮಗುವಿನ ಇಎಸ್‌ಆರ್ ತಗ್ಗಿದರೆ ಸಮಾಧಾನಪಡದೆ, ಅಂದೇ ಫೆರಿಟಿನ್ ಮತ್ತು ಫೈಬ್ರಿನೋಜೆನ್ ಪರೀಕ್ಷೆಗೆ ಕಳುಹಿಸಬೇಕು.