ಕ್ರಿಸ್‌ಮಸ್ ಗೃಹಾಲಂಕಾರ

ಕ್ರಿಸ್‌ಮಸ್ ಗೃಹಾಲಂಕಾರ: ಡಿಸೆಂಬರ್ ಕೊನೆಯ ಕ್ರಿಸ್ತ ಜಯಂತಿಗೆ ಮನೆಯ ಒಳಹೊರಗನ್ನು ಹಸಿರು ಕೊಂಬೆ, ದೀಪ, ನಕ್ಷತ್ರ, ಗಾಜಿನ ಗುಂಡುಗಳಿಂದ ಸಿಂಗರಿಸುವ ಪದ್ಧತಿ. ಇದರ ಬೇರು ಉತ್ತರ ಯೂರೋಪಿನ ಚಳಿಗಾಲದಲ್ಲಿದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಬೆಂಗಳೂರಿಗೆ 11 ಗಂಟೆಗೂ ಹೆಚ್ಚು ಹಗಲು ಸಿಕ್ಕರೆ ಲಂಡನ್ನಿಗೆ ಸಿಗುವುದು 8 ಗಂಟೆಗಿಂತ ಕಡಿಮೆ; ಸ್ಟಾಕ್‌ಹೋಮಿಗೆ 6 ಗಂಟೆ ಚಿಲ್ಲರೆ. ಮರಗಳೆಲ್ಲ ಬೋಳಾಗಿ, ಮಧ್ಯಾಹ್ನ ಇಳಿಯುವ ಹೊತ್ತಿಗೇ ದೀಪ ಹಚ್ಚಬೇಕಾದ ನಾಡಿನಲ್ಲಿ ಹಸಿರೂ ಬೆಳಕೂ ಅಪರೂಪದ ಸರಕು. ಹಬ್ಬಕ್ಕೆ ಅವನ್ನೇ ಮನೆಗೆ ತಂದರು. ಆದರೆ ಈ ಅಲಂಕಾರವೆಲ್ಲ ತೀರಾ ಪುರಾತನವೆಂಬ ನಂಬಿಕೆಯನ್ನು ಅರ್ಧ ಮಾತ್ರ ಒಪ್ಪಬಹುದು. ಹಸಿರು ಹಳೆಯದು. ಒಂದು ಕುಟುಂಬ ಬಾಗಿಲು ಮುಚ್ಚಿಕೊಂಡು, ಮಕ್ಕಳನ್ನು ಸುತ್ತ ಕೂರಿಸಿಕೊಂಡು ಸವಿಯುವ ನಡುಮನೆಯ ಹಬ್ಬ ಮಾತ್ರ ಹೆಚ್ಚುಕಡಿಮೆ ಎರಡು ಶತಮಾನದ ಈಚಿನದು.

ರೋಮನ್ನರು ಡಿಸೆಂಬರ್ 17ರಿಂದ ಆಚರಿಸುತ್ತಿದ್ದ ಸ್ಯಾಟರ್ನೇಲಿಯಾದಲ್ಲಿ ಮೇಣದ ಬತ್ತಿ ಮತ್ತು ಮಣ್ಣಿನ ಪುಟ್ಟ ಗೊಂಬೆಗಳನ್ನು ಉಡುಗೊರೆ ಕೊಡುತ್ತಿದ್ದರು. ಸಾರ್ವಜನಿಕ ಉತ್ಸವಗಳಿಗೆ ಬಾಗಿಲಿಗೆ ಲಾರೆಲ್ ಮಾಲೆ ಕಟ್ಟಿ ದೀಪ ಇಡುವ ರೂಢಿಯೂ ಇತ್ತು. ಕ್ರೈಸ್ತರ ಮನೆಬಾಗಿಲುಗಳಲ್ಲೂ ಇವು ಕಾಣುತ್ತಿವೆಯಲ್ಲ ಎಂದು ಟೆರ್ಟುಲಿಯನ್ ಎಂಬ ಕ್ರೈಸ್ತ ಲೇಖಕ ಸಿಡುಕಿದ್ದಾನೆ. ಅವನ ಸಿಡುಕು ಮುಂದಿನವರಿಗೂ ದಾಟಿ ಬಂತು. ಹಬ್ಬದ ಹಸಿರನ್ನು ಅನುಮಾನದಿಂದ ನೋಡುವವರು ಪ್ರತಿ ಶತಮಾನದಲ್ಲೂ ಸಿಗುತ್ತಾರೆ. ತೋರಣ ಕಟ್ಟುವವರು ಕಟ್ಟುತ್ತಲೇ ಹೋಗುತ್ತಾರೆ.

ಮಧ್ಯಯುಗದ ಲಂಡನ್ನಿನ ಚಿತ್ರ ಜಾನ್ ಸ್ಟೋ 1598ರಲ್ಲಿ ಪ್ರಕಟಿಸಿದ ನಗರವರ್ಣನೆಯಲ್ಲಿದೆ. ಹಬ್ಬಕ್ಕೆ ಪ್ರತಿಯೊಂದು ಮನೆ, ಪ್ರತಿಯೊಂದು ಚರ್ಚು ಋತುವಿನ ಹಸಿರನ್ನು ತೊಡುತ್ತಿತ್ತು. ಬೀದಿಯ ಕಂಬಗಳಿಗೂ ಅದೇ ಸಿಂಗಾರ. 1444ರಲ್ಲಿ ಲೆಡನ್‌ಹಾಲ್ ಬಳಿ ಜನರ ವಿನೋದಕ್ಕೆಂದು ನೆಲಹಾಸಿನ ನಡುವೆ ನಿಲ್ಲಿಸಿ, ಮೈತುಂಬ ಹಸಿರು ಕೊಂಬೆಗಳನ್ನು ಮೊಳೆಹೊಡೆದಿದ್ದ ಮರವೊಂದನ್ನು ಬಿರುಗಾಳಿ ಬುಡಸಮೇತ ಕಿತ್ತೆಸೆದ ಪ್ರಸಂಗವನ್ನೂ ಸ್ಟೋ ಬರೆದಿದ್ದಾನೆ. ಅದು ನಡೆದದ್ದು ಫೆಬ್ರುವರಿ 2ರ ಮುಂಜಾನೆ, ಅಂದರೆ ಅಲ್ಲಿಯವರೆಗೂ ಅಲಂಕಾರ ಇಳಿದಿರಲಿಲ್ಲ. ಗಮನಿಸಬೇಕಾದದ್ದು ಜಾಗವನ್ನು: ಮರ ಇದ್ದದ್ದು ಬೀದಿಯಲ್ಲಿ. ಬಾಲ್ಟಿಕ್ ತೀರದ ರೀಗಾ ಮತ್ತು ಟಾಲಿನ್ ನಗರಗಳು ಮೊದಲ ಕ್ರಿಸ್‌ಮಸ್ ಮರ ತಮ್ಮದೇ ಎಂದು ಈಗಲೂ ಜಗ್ಗಾಡುತ್ತವೆ. ಅವು ಮುಂದಿಡುವ ಮರಗಳು ಕೂಡ ವರ್ತಕ ಸಂಘಗಳಿಗೆ ಸೇರಿದವು, ಯಾರ ಮನೆಯವೂ ಅಲ್ಲ.

ಇಂಗ್ಲೆಂಡಿನ ಪ್ಯೂರಿಟನ್ ಪಾರ್ಲಿಮೆಂಟು 1647ರಲ್ಲಿ ಕ್ರಿಸ್‌ಮಸ್ಸನ್ನೇ ರದ್ದು ಮಾಡಿತು. ಆ ಡಿಸೆಂಬರಿನಲ್ಲಿ ಕ್ಯಾಂಟರ್‌ಬರಿಯ ಜನ ಬಾಗಿಲಿಗೆ ಹಾಲಿ ಗಿಡದ ಮುಳ್ಳೆಲೆಯ ಕೊಂಬೆ ಕಟ್ಟಿ ಗಲಭೆ ಎಬ್ಬಿಸಿದರು. ತೋರಣ ರಾಜಕೀಯ ಘೋಷಣೆಯಾದ ಪ್ರಸಂಗ ಇದು. 1660ರಲ್ಲಿ ಅರಸೊತ್ತಿಗೆಯೊಂದಿಗೆ ಹಬ್ಬವೂ ಮರಳಿತು. ಮುಂದಿನ ಶತಮಾನದ ಇಂಗ್ಲಿಷ್ ಮನೆಗಳಲ್ಲಿ ಮರವಿರಲಿಲ್ಲ, ಸೂರಿನಿಂದ ತೂಗುವ ಗೊಂಚಲಿತ್ತು: ಬಳೆಯಾಕಾರದ ಚೌಕಟ್ಟಿಗೆ ಹಸಿರು ಸುತ್ತಿ, ಸೇಬು ಸಿಕ್ಕಿಸಿ, ಕೆಳಗೆ ಮಿಸಲ್‌ಟೋ ಕಟ್ಟುತ್ತಿದ್ದರು. ಮಿಸಲ್‌ಟೋ ಎಂದರೆ ನಮ್ಮ ಮಾವಿನ ಮರಕ್ಕೆ ಅಂಟಿಕೊಳ್ಳುವ ಬದನಿಕೆಯ ದೂರದ ಬಂಧು. ಇಲ್ಲಿ ಕಂಡಕೂಡಲೇ ಕಡಿದು ಹಾಕುವ ಪರಾವಲಂಬಿಯ ಕೆಳಗೆ ಅಲ್ಲಿ ಮುತ್ತು ಕೊಡುತ್ತಾರೆ. ಹಬ್ಬದ ರಾತ್ರಿ ಅಗ್ಗಿಷ್ಟಿಕೆಗೆ ದೊಡ್ಡ ಕೊರಡು ಇಡುವ ಪದ್ಧತಿ ಯೂರೋಪಿನ ಹಲವೆಡೆ ಇತ್ತು. ನಗರದ ಮನೆಗಳಿಗೆ ಚಿಕ್ಕ ಒಲೆಗಳು ಬಂದಮೇಲೆ ಕೊರಡಿಗೆ ಜಾಗ ಉಳಿಯಲಿಲ್ಲ. ಫ್ರಾನ್ಸಿನಲ್ಲಿ ಅದು ಕೊರಡಿನ ಆಕಾರದ ಕೇಕಾಗಿ ಊಟದ ಮೇಜಿಗೆ ಬಂದು ಕೂತಿದೆ.

ಮರ ಮನೆಯೊಳಗೆ ಬಂದದ್ದು ರೈನ್ ನದಿಯ ದಂಡೆಯಲ್ಲಿ. ಆಲ್ಸಾಸಿನ ಸೆಲೆಸ್ಟಾ ಪಟ್ಟಣದ 1521ರ ಲೆಕ್ಕಪುಸ್ತಕದಲ್ಲಿ ಹಬ್ಬದ ಹೊತ್ತಿಗೆ ಮರಗಳನ್ನು ಕಾಯಲು ಅರಣ್ಯ ಕಾವಲುಗಾರರಿಗೆ ಹಣ ಕೊಟ್ಟ ನಮೂದಿದೆ. ಕಾಯಬೇಕಾಯಿತೆಂದರೆ ಕದಿಯುವವರಿದ್ದರು ಎಂದೇ ಅರ್ಥ. 1605ರ ಬರಹವೊಂದು ಸ್ಟ್ರಾಸ್‌ಬರ್ಗಿನ ಜನ ಪಡಸಾಲೆಯಲ್ಲಿ ಫರ್ ಮರ ನಿಲ್ಲಿಸಿ ಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಲ್ಲೆ, ಚಿನ್ನದ ರೇಕು, ಸಕ್ಕರೆ ಮಿಠಾಯಿ ತೂಗುಹಾಕುವುದನ್ನು ಹೇಳುತ್ತದೆ. ಡಿಸೆಂಬರ್ 24 ಆದಾಮ ಮತ್ತು ಹವ್ವರ ದಿನ. ಆ ದಿನದ ನಾಟಕದಲ್ಲಿ ರಂಗದ ಮೇಲೆ ಇರುತ್ತಿದ್ದ ಸೇಬು ಕಟ್ಟಿದ ಮರವೇ ಮನೆಗೆ ಬಂತೆಂಬ ಊಹೆಗೆ ಸಾಕಷ್ಟು ಬಲವಿದೆ. ಮಾರ್ಟಿನ್ ಲೂಥರ್ ನಕ್ಷತ್ರಗಳ ಕೆಳಗೆ ಕಾಡಿನಲ್ಲಿ ನಡೆದುಬಂದು ಮೊದಲ ಬಾರಿಗೆ ಮರಕ್ಕೆ ಮೇಣದ ಬತ್ತಿ ಹಚ್ಚಿದನೆಂಬ ಕಥೆಗೆ ಅವನ ಕಾಲದ ಪುರಾವೆಯೇನೂ ಇಲ್ಲ. ಕಥೆ ಸೊಗಸಾಗಿದೆ, ಅಷ್ಟೆ.

ನೆಪೋಲಿಯನ್ನನ ಯುದ್ಧಗಳು 1815ರಲ್ಲಿ ಮುಗಿದು 1848ರ ಕ್ರಾಂತಿಗಳು ಸಿಡಿಯುವವರೆಗಿನ ಕಾಲವನ್ನು ಜರ್ಮನ್ನರು ಬೀಡರ್‌ಮೈಯರ್ ಯುಗ ಎನ್ನುತ್ತಾರೆ. ಪತ್ರಿಕೆಗಳ ಮೇಲೆ ಕತ್ತರಿ, ಸಭೆಗಳ ಮೇಲೆ ಗೂಢಚಾರರ ಕಣ್ಣು. ಮಾತಾಡಲು ಬೀದಿಯಲ್ಲಿ ಜಾಗ ಸಿಗದ ಮಧ್ಯಮವರ್ಗ ಮನೆಯೊಳಗೆ ತಿರುಗಿತು: ಪಿಯಾನೊ, ಕಸೂತಿ, ಮಕ್ಕಳ ಆಟಿಕೆ, ಮೂಲೆಯಲ್ಲೊಂದು ಮರ. ಈಗ ಕ್ರಿಸ್‌ಮಸ್ ಎಂದೊಡನೆ ನೆನಪಾಗುವ ಆ ಬೆಚ್ಚನೆಯ ಮನೆ ಈ ಕಾಲದ ಸೃಷ್ಟಿ. ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್‌ರಿಖ್ ವಿಖರ್ನ್ 1839ರಲ್ಲಿ ಮರದ ಬಂಡಿಚಕ್ರವೊಂದನ್ನು ತೂಗುಹಾಕಿ ಭಾನುವಾರಗಳಿಗೆ ದೊಡ್ಡ ಬಿಳಿ ಮೇಣದ ಬತ್ತಿ, ಉಳಿದ ದಿನಗಳಿಗೆ ಚಿಕ್ಕ ಕೆಂಪು ಬತ್ತಿ ನಿಲ್ಲಿಸಿದ. ಹಬ್ಬ ಯಾವಾಗ ಎಂದು ದಿನವೂ ಪೀಡಿಸುತ್ತಿದ್ದ ಮಕ್ಕಳಿಗೆ ಎಣಿಸಲು ಏನಾದರೂ ಕೊಡಬೇಕಿತ್ತು. ಇಂದು ಹಬ್ಬಕ್ಕೆ ಮುಂಚಿನ ಆಗಮನಕಾಲದಲ್ಲಿ ಇಡುವ ನಾಲ್ಕು ಬತ್ತಿಗಳ ಹಸಿರು ಬಳೆ ಅದರ ಮರಿ. ಮೊರಾವಿಯನ್ ಪಂಥದ ಶಾಲೆಯಲ್ಲಿ ರೇಖಾಗಣಿತ ಕಲಿಸಲು ಮಾಡಿಸುತ್ತಿದ್ದ ಹಲವು ಮೊನೆಗಳ ಕಾಗದದ ನಕ್ಷತ್ರವೂ ಇದೇ ಶತಮಾನದ್ದು. ಹೆರ್ನ್‌ಹುಟ್ ಎಂಬ ಊರಿನ ಹೆಸರಿನಲ್ಲಿ ಅದು ಇಂದಿಗೂ ಮಾರಾಟವಾಗುತ್ತದೆ.

ಇಂಗ್ಲೆಂಡಿಗೆ ಮರ ತಂದವನು ವಿಕ್ಟೋರಿಯಾಳ ಪತಿ ಆಲ್ಬರ್ಟ್ ಎಂಬುದು ರೂಢಿಯ ಮಾತು. ಅವನಿಗಿಂತ ಮೊದಲೇ, 1800ರಲ್ಲಿ, ಜರ್ಮನ್ ಮೂಲದ ರಾಣಿ ಷಾರ್ಲಟ್ ವಿಂಡ್ಸರಿನಲ್ಲಿ ಮಕ್ಕಳಿಗಾಗಿ ಯೂ ಮರವೊಂದನ್ನು ಸಿಂಗರಿಸಿದ್ದಳು. ಅದು ಅರಮನೆಯ ಸಂಗತಿಯಾಗಿಯೇ ಉಳಿಯಿತು. ಆಲ್ಬರ್ಟನ ಮರಕ್ಕೆ ಹೊಸದೊಂದು ಬಲವಿತ್ತು: ಅಚ್ಚುಮೊಳೆ. 1848ರಲ್ಲಿ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಪತ್ರಿಕೆ ರಾಜಕುಟುಂಬ ಮೇಜಿನ ಮೇಲಿನ ಮರದ ಸುತ್ತ ನಿಂತ ಚಿತ್ರ ಪ್ರಕಟಿಸಿತು. ಎರಡು ವರ್ಷದ ಬಳಿಕ ಅಮೆರಿಕದ ಮಹಿಳಾ ಪತ್ರಿಕೆಯೊಂದು ರಾಣಿಯ ಕಿರೀಟವನ್ನೂ ಆಲ್ಬರ್ಟನ ಮೀಸೆಯನ್ನೂ ಅಳಿಸಿ, ಅದೇ ಚಿತ್ರವನ್ನು ಅಪ್ಪಟ ಅಮೆರಿಕನ್ ಸಂಸಾರವೆಂಬಂತೆ ಅಚ್ಚುಹಾಕಿತು. ಡಿಕನ್ಸ್ 1843ರಲ್ಲಿ ಬರೆದ 'ಎ ಕ್ರಿಸ್‌ಮಸ್ ಕ್ಯಾರಲ್' ಕಥೆಯಲ್ಲಿ ಹಾಲಿ, ಮಿಸಲ್‌ಟೋ, ಐವಿ ಬಳ್ಳಿ ಎಲ್ಲ ಇವೆ, ಕ್ರಿಸ್‌ಮಸ್ ಮರವಿಲ್ಲ. 1850ರಲ್ಲಿ ಮರದ ಬಗ್ಗೆಯೇ ಪ್ರಬಂಧ ಬರೆದಾಗಲೂ ಅದು ಅವನ ಕಣ್ಣಿಗೆ ಜರ್ಮನ್ ವಸ್ತುವೇ.

ಮರಕ್ಕೆ ತೂಗುವ ಗಾಜಿನ ಗುಂಡುಗಳ ತವರು ಥುರಿಂಜಿಯಾದ ಗುಡ್ಡಗಾಡಿನ ಲೌಷಾ. ಅಲ್ಲಿ ಗಾಜಿನ ಕುಲುಮೆ ಹೊತ್ತಿದ್ದು 1597ರಲ್ಲಿ. ಊರಿಗೆ 1867ರಲ್ಲಿ ಅನಿಲ ಸ್ಥಾವರ ಬಂದಮೇಲೆ ಒಂದೇ ಸಮನೆಯ ಬಿಸಿ ಜ್ವಾಲೆ ಕೈಗೆಟುಕಿ, ಸಿಪ್ಪೆಯಷ್ಟು ತೆಳುವಾದ ದೊಡ್ಡ ಗುಂಡುಗಳನ್ನು ಊದುವುದು ಸಾಧ್ಯವಾಯಿತು. ಅಪ್ಪ ಊದಿದ ಗುಂಡಿನೊಳಗೆ ಅಮ್ಮ ಬೆಳ್ಳಿಯ ದ್ರಾವಣ ಹೊಯ್ದು ಕುಲುಕುವಳು, ಮಕ್ಕಳು ಬಣ್ಣ ಬಳಿದು ತುದಿ ಕತ್ತರಿಸುವರು. ಹೆಂಗಸರು ಬುಟ್ಟಿ ಹೊತ್ತು ಸೋನೆಬರ್ಗಿನ ವ್ಯಾಪಾರಿಗಳಿಗೆ ಒಪ್ಪಿಸಿ ಬರುವರು. ನಮ್ಮ ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಮನೆಗಳಂತೆಯೇ ಅಲ್ಲೂ ಮನೆಯೇ ಕಾರ್ಖಾನೆ. ಪರರ ಮನೆಯ ಸಡಗರಕ್ಕೆ ಲೌಷಾದ ಮಕ್ಕಳು ವರ್ಷವಿಡೀ ಕಣ್ಣು ಸವೆಸುತ್ತಿದ್ದುದನ್ನು ಅಲಂಕಾರದ ಇತಿಹಾಸ ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಅಮೆರಿಕದ ಅಗ್ಗದಂಗಡಿಗಳ ಒಡೆಯ ಎಫ್. ಡಬ್ಲ್ಯು. ವುಲ್‌ವರ್ತ್ 1880ರಲ್ಲಿ ಒಲ್ಲದ ಮನಸ್ಸಿನಿಂದ ಸುಮಾರು 25 ಡಾಲರಿನ ಗುಂಡು ಕೊಂಡ. ನೋಡನೋಡುತ್ತ ಎಲ್ಲ ಖರ್ಚಾಗಿ, ಹತ್ತೇ ವರ್ಷದಲ್ಲಿ ತಾನೇ ಲೌಷಾಕ್ಕೆ ಹೋಗಿ ಖರೀದಿಸುವಷ್ಟು ವ್ಯಾಪಾರ ಬೆಳೆಯಿತು. 1939ರಲ್ಲಿ ಎರಡನೆಯ ಮಹಾಯುದ್ಧ ಆ ದಾರಿ ಮುಚ್ಚಿದಾಗ ಕಾರ್ನಿಂಗ್ ಕಂಪನಿ ಬಲ್ಬು ತಯಾರಿಸುವ ಯಂತ್ರದಲ್ಲೇ ಗುಂಡು ಮಾಡತೊಡಗಿತು. ಒಬ್ಬ ಊದುಗಾರನ ಇಡೀ ದಿನದ ದುಡಿಮೆ ಅದಕ್ಕೆ ಕೆಲವು ನಿಮಿಷದ ಮಾತು.

ಬೆಳಕಿನ ಕಥೆ ಭಯದ ಕಥೆಯೂ ಹೌದು. ಒಣಗುತ್ತಿರುವ, ಅಂಟು ತುಂಬಿದ ಮರಕ್ಕೆ ಉರಿಯುವ ಮೇಣದ ಬತ್ತಿ ಸಿಕ್ಕಿಸುತ್ತಿದ್ದರು! ದೀಪ ಹಚ್ಚುತ್ತಿದ್ದದ್ದು ಸ್ವಲ್ಪ ಹೊತ್ತು ಮಾತ್ರ. ಪಕ್ಕದಲ್ಲಿ ನೀರಿನ ಬಕೆಟ್ಟು, ಕೋಲಿನ ತುದಿಗೆ ಒದ್ದೆ ಸ್ಪಂಜು. 1882ರ ಡಿಸೆಂಬರ್ 22ರಂದು ಎಡಿಸನ್ನನ ಜೊತೆಗಾರ ಎಡ್ವರ್ಡ್ ಜಾನ್‌ಸನ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಕೆಂಪು, ಬಿಳಿ, ನೀಲಿಯ 80 ಪುಟ್ಟ ಬಲ್ಬುಗಳ ಮರ ತೋರಿಸಿದ. ಮರ ವಿದ್ಯುತ್ತಿನಿಂದಲೇ ಗಿರಗಿರನೆ ತಿರುಗುತ್ತಿತ್ತು. ನಂಬಲು ಜನರಿಗೆ ವರ್ಷಗಳೇ ಬೇಕಾದವು. ಕ್ಲೀವ್‌ಲ್ಯಾಂಡ್ ಅಧ್ಯಕ್ಷರಾಗಿದ್ದ ಕಾಲದಲ್ಲಿ ಶ್ವೇತಭವನದ ಮರಕ್ಕೆ ವಿದ್ಯುದ್ದೀಪ ಬಂತು, 1903ರ ಹೊತ್ತಿಗೆ ಸಿದ್ಧ ಸರಗಳು ಮಾರುಕಟ್ಟೆಗೆ ಬಂದವು. ಬಲ್ಬುಗಳನ್ನು ಒಂದರ ಹಿಂದೊಂದು ಜೋಡಿಸಿದ್ದರಿಂದ ಒಂದು ಆರಿದರೆ ಸರವೆಲ್ಲ ಕತ್ತಲು. ದೀಪಾವಳಿಯಲ್ಲೋ ಗಣೇಶನ ಮಂಟಪದಲ್ಲೋ ಕೆಟ್ಟ ಬಲ್ಬು ಹುಡುಕುತ್ತ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಸ್ವೀಡನ್ನಿನ ಕಿಟಕಿಗಳಲ್ಲಿ ಈಗ ಕಾಣುವ ತ್ರಿಕೋನದ ಏಳು ದೀಪಗಳ ಕಂಬ ಕೂಡ 1930ರ ದಶಕದಲ್ಲಿ ಇಂಥ ಸರದ ಮಿಕ್ಕ ಬಲ್ಬುಗಳಿಂದಲೇ ಹುಟ್ಟಿತು.

ಕೃತಕ ಮರ ಪ್ಲಾಸ್ಟಿಕ್ಕಿನಿಂದ ಶುರುವಾದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಜರ್ಮನ್ನರು ಹೆಬ್ಬಾತಿನ ಗರಿಗೆ ಹಸಿರು ಬಣ್ಣ ಹಾಕಿ ತಂತಿಗೆ ಸುತ್ತಿ ಮರ ಕಟ್ಟುತ್ತಿದ್ದರು. 1959ರಲ್ಲಿ ವಿಸ್ಕಾನ್ಸಿನ್ನಿನ ಮ್ಯಾನಿಟೊವಾಕ್‌ನಿಂದ ಥಳಥಳಿಸುವ ಅಲ್ಯೂಮಿನಿಯಂ ಮರಗಳು ಹೊರಟವು. ಲೋಹಕ್ಕೆ ವಿದ್ಯುತ್ ಸರ ಸುತ್ತಿದರೆ ಅಪಾಯವೆಂದು ಕೆಳಗೊಂದು ಬಣ್ಣದ ಚಕ್ರದ ದೀಪ ಇಡುತ್ತಿದ್ದರು. 1965ರ ಚಾರ್ಲಿ ಬ್ರೌನ್ ಟಿವಿ ಕಾರ್ಯಕ್ರಮ ಅವನ್ನು ಗೇಲಿ ಮಾಡಿತು. ಕೆಲವೇ ವರ್ಷಗಳಲ್ಲಿ ಅವು ಅಟ್ಟ ಸೇರಿದವು. ಬೆಚ್ಚನೆಯ ಮನೆಯ ಆಸೆ ಮಾತ್ರ ಅಟ್ಟ ಸೇರಲಿಲ್ಲ: ಡೆನ್ಮಾರ್ಕಿನವರು ಮೇಣದ ಬತ್ತಿ, ಉಣ್ಣೆ, ಒಡನಾಟಗಳ ಸುಖವನ್ನು 'ಹ್ಯುಗ' ಎನ್ನುತ್ತಾರೆ. 2016ರ ಸುಮಾರಿಗೆ ಆ ಪದ ಜಗತ್ತಿನ ಅಂಗಡಿಗಳಲ್ಲೆಲ್ಲ ಮಾರಾಟಕ್ಕೆ ನಿಂತಿತು.

ದಕ್ಷಿಣದ ಕ್ಯಾಥೊಲಿಕ್ ನಾಡುಗಳಲ್ಲಿ ಮನೆಯ ಕೇಂದ್ರ ಮರವಾಗಿರದೆ ಗೋದಲಿಯಾಗಿತ್ತು. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಎತ್ತು, ಕತ್ತೆ, ಹುಲ್ಲನ್ನಿಟ್ಟು ಕ್ರಿಸ್ತ ಹುಟ್ಟಿದ ಕೊಟ್ಟಿಗೆಯನ್ನು ಮರುಸೃಷ್ಟಿಸಿದ್ದು ಅದರ ಪ್ರಸಿದ್ಧ ಆರಂಭ. ಕರಾವಳಿ ಕರ್ನಾಟಕದ ಕೊಂಕಣಿ ಕ್ಯಾಥೊಲಿಕರಿಗೆ ಗೋವೆಯ ಮೂಲಕ ದಕ್ಕಿದ್ದು ಈ ಪರಂಪರೆ. ಮಂಗಳೂರಿನ ಮನೆಗಳಲ್ಲಿ ಗೋದಲಿಯ ಹಸಿರಿಗೆಂದು ಹಬ್ಬಕ್ಕೆ ಮುಂಚೆಯೇ ತಟ್ಟೆಯಲ್ಲಿ ರಾಗಿಯನ್ನೋ ಬತ್ತವನ್ನೋ ಮೊಳಕೆಗಿಡುತ್ತಾರೆ. ಅಂಗಳದಲ್ಲಿ ಬಿದಿರ ಸೀಳು, ಬಣ್ಣದ ಕಾಗದದ ನಕ್ಷತ್ರ ತೂಗುತ್ತದೆ. ನೆರೆಮನೆಯ ದೀಪಾವಳಿಯ ಗೂಡುದೀಪಕ್ಕೂ ಇದಕ್ಕೂ ಸಾಮಗ್ರಿ ಒಂದೇ. ಒಳಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ಎಣ್ಣೆ ಬಾಣಲೆ. ಫರ್ ಬೆಳೆಯದ ಬೆಂಗಳೂರು ದಂಡುಪ್ರದೇಶದಲ್ಲಿ, ಕೋಲಾರ ಚಿನ್ನದ ಗಣಿಯಲ್ಲಿ ಆಂಗ್ಲೋ ಇಂಡಿಯನ್ ಮನೆಗಳ ಕ್ರಿಸ್‌ಮಸ್ ಮರಕ್ಕೆ ಗಾಳಿಮರದ ಕೊಂಬೆ ಒದಗುತ್ತಿತ್ತು.

ಅಲಂಕಾರ ಇಳಿಸುವ ದಿನಕ್ಕೂ ನಿಯಮಗಳಿವೆ. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ಸಿನಿಂದ ಹನ್ನೆರಡನೆಯ ರಾತ್ರಿ ದಾಟಿದರೆ ಅಪಶಕುನವೆನ್ನುತ್ತಾರೆ. ಹಿಂದೆ ಫೆಬ್ರುವರಿ 2ರವರೆಗೆ ಸಮಯವಿತ್ತು, ಲೆಡನ್‌ಹಾಲಿನ ಮರ ಗಾಳಿಗೆ ಉರುಳಿದ್ದೂ ಅದೇ ದಿನ. ಸ್ವೀಡನ್ನಿನಲ್ಲಿ ಜನವರಿ 13, ಸಂತ ಕ್ನೂಟನ ದಿನ, ಮಕ್ಕಳು ಮರದಲ್ಲಿ ಉಳಿದ ಮಿಠಾಯಿಯನ್ನು ಸೂರೆಹೊಡೆದು, ಬೋಳಾದ ಮರವನ್ನು ಮನೆಯಿಂದಾಚೆ ಎಸೆಯುತ್ತಾರೆ.